ಬಿ.ಪಿ. ಏರಿಸುವ ಗುಳಿಗೆ ಮಲಗುವ ಹೊತ್ತಿಗಲ್ಲ

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮ್ಮದು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮವ್ವಗ 66 ವರ್ಷ. 14 ವರ್ಷದಿಂದ ಸಕ್ಕರಿ ಕಾಯಿಲೆ, 8 ವರ್ಷದಿಂದ ಬಿ.ಪಿ. ಗುಳಿಗಿ. ಈ ಸಲ ಬಸವ ಜಯಂತಿ ಮುಂದ ಶುರುವಾತು ನೋಡ್ರಿ, ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರ್ತದ, ತಲಿ ಗಿರ್ ಅಂತದ. ಕಾರಹುಣ್ಣಿವಿ ದಿನ ಬಚ್ಚಲದಾಗ ಬಿದ್ದು ಹಣಿ ಒಡಕೊಂಡ್ಲು. ಊರಾಗಿನ ಡಾಕ್ಟ್ರು 90/60 ಅದ, ಲೋ ಬಿ.ಪಿ. ಆಗ್ಯಾದ ಅಂತ ಎರಡು ಸಲ ಸಲಾಯಿನ್ ಹಚ್ಚಿದ್ರು. ಎರಡು ದಿನ ಚಲೋ ಇದ್ಲು, ಮತ್ತ ಅದೇ ಕತಿ. ಬೆಂಗಳೂರಾಗಿರೋ ನಮ್ಮ ಸೋದರಮಾವ ಇದಕ್ಕ ಮಿಡೋಡ್ರಿನ್ ಗುಳಿಗಿ ತಗೋತಾರ. ಇಲ್ಲಿ ಮೆಡಿಕಲ್‌ನಾಗ ಕೇಳಿದೆ, ಕೊಟ್ರು. ಮುಂಜಾನೆ, ಮಧ್ಯಾಹ್ನ, ರಾತ್ರಿ ಊಟ ಆದ ಮ್ಯಾಲ 5 ಮಿಲಿಗ್ರಾಂ ಕೊಡ್ಲಿಕತ್ತೀನಿ. ಚಕ್ಕರ್ ಸ್ವಲ್ಪ ಕಮ್ಮಿ ಆಗ್ಯಾದ. ಆದ್ರ ತಲಿಯಾಗ ಇರಿವಿ ಹರದಂಗ ಆಗ್ತದ ಅಂತಾಳ. ಮೊನ್ನೆ ರಾತ್ರಿ ತಲಿನೋವು ಅಂದ್ಲು, ಮಲಗಿದಾಗ ಮಷೀನ್ ಹಚ್ಚಿದ್ರ 178/100! ಮುಂಜಾನೆ ಎದ್ದು ನಿಂತಾಗ ಮತ್ತ 92. ಬಿ.ಪಿ. ಹೆಚ್ಚದೋ ಕಮ್ಮಿ ಅದೋ ತಿಳಿಯವಲ್ದು. ಗುಳಿಗಿ ನಿಲ್ಲಸ್ಲೋ, ಹೆಚ್ಚು ಮಾಡ್ಲೋ? ಈಗ ನಡದಿರೋ ಬ್ಯಾರೆ ಗುಳಿಗಿ: ಟೆಲ್ಮಿಸಾರ್ಟಾನ್ ಜೊತಿ ಹೈಡ್ರೋಕ್ಲೋರೋಥೈಯಾಜೈಡ್, ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ಅಂಗಾಲು ಉರಿಗೆ ರಾತ್ರಿ ಅಮಿಟ್ರಿಪ್ಟಿಲಿನ್. ಮೊಣಕಾಲು ನೋವಿಗೆ ಎರಡು ವರ್ಷದಿಂದ ಒಂದು ಸಣ್ಣ ಬಿಳಿ ಗುಳಿಗಿ ತಗೋತಿದ್ಲು, ಸಕ್ಕರಿ ಏರಸ್ತದ ಅಂತ ಯಾರೋ ಹೇಳಿದ್ರು, ಯುಗಾದಿ ಆದ ಮ್ಯಾಲ ಬಿಡಿಸೀನಿ.

ಉತ್ತರ: ಇವತ್ತು ರಾತ್ರಿಯ ಮಿಡೋಡ್ರಿನ್ ಕೊಡಬೇಡಿ. ಉಳಿದ ಮಾತು ಆಮೇಲೆ.

ಹಗಲಿನ ಗುಳಿಗೆಯನ್ನೂ ವೈದ್ಯರು ನೋಡುವವರೆಗೆ ನಿಲ್ಲಿಸಿ. ಇದು ಥಟ್ಟನೆ ನಿಲ್ಲಿಸಿದರೆ ಅಪಾಯ ಮಾಡುವ ಜಾತಿಯ ಔಷಧವಲ್ಲ. ಚಕ್ಕರ್ ಮತ್ತೆ ಮೊದಲಿನಷ್ಟೇ ಬರಬಹುದು, ಹಾಗಾಗಿ ಆ ಒಂದೆರಡು ದಿನ ಅವ್ವ ಒಬ್ಬರೇ ಬಚ್ಚಲಿಗೆ ಹೋಗುವುದು ಬೇಡ. ಒಂದೆರಡು ದಿನ ಅಂದದ್ದು ಲೆಕ್ಕ ಹಾಕಿಯೇ. ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗಾದರೂ ಕರೆತನ್ನಿ, ನಿಮಗೆ ಹತ್ತಿರದ ಫಿಸಿಷಿಯನ್ ಬಳಿಯಾದರೂ ಹೋಗಿ, ವಾರದ ಸಂತೆ ಮುಗಿಯಲಿ ಅಂತ ಕಾಯಬೇಡಿ. ಇಷ್ಟು ಅವಸರ ಮಾಡುತ್ತಿರುವುದು 178 ಎಂಬ ಅಂಕಿ ನೋಡಿ ಅಲ್ಲ. ನಿಮ್ಮ ಪತ್ರದ ಕೊನೆಯ ಸಾಲು ನೋಡಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಗೊಂದಲ. ಹಗಲು 92, ರಾತ್ರಿ 178. ಮಷೀನು ಸುಳ್ಳು ಹೇಳಿಲ್ಲ, ಎರಡೂ ನಿಜ. ಒಂದು ನಿಂತಾಗಿನ ಬಿ.ಪಿ., ಇನ್ನೊಂದು ಮಲಗಿದಾಗಿನದು.

ನೀವು ಮಾನ್ವಿಯವರು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಕಷ್ಟ ನಿಮಗೆ ನಾನು ಹೇಳಬೇಕಿಲ್ಲ. ಮೇಲಿನವರು ತೂಬು ಮುಚ್ಚದಿದ್ದರೆ ನೀರು ಅಲ್ಲಲ್ಲೇ ಖರ್ಚಾಗಿ ಕೊನೆಯ ಹೊಲಕ್ಕೆ ಕೆಸರೂ ಬರುವುದಿಲ್ಲ. ಮನುಷ್ಯ ಎದ್ದು ನಿಂತಾಗ ಮೈಯಲ್ಲಿ ಆಗುವುದೂ ಇದೇ. ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ತೊಡೆ, ಮೀನಖಂಡಗಳಿಗೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ನರಗಳು ಕ್ಷಣದಲ್ಲೇ ಸುದ್ದಿ ಮುಟ್ಟಿಸಿ ಕೆಳಗಿನ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ, ಅಂದರೆ ತೂಬು ಮುಚ್ಚುತ್ತವೆ. ನಾಡಿಯೂ ಚುರುಕಾಗುತ್ತದೆ. ಕಾಲುವೆಯ ಕೊನೆಭಾಗದಲ್ಲಿರುವ ಮೆದುಳಿಗೆ ರಕ್ತ ತಲುಪುತ್ತದೆ. 14 ವರ್ಷದ ಸಕ್ಕರೆ ಕಾಯಿಲೆ ಅಂಗಾಲಿನ ನರವನ್ನು ಸುಟ್ಟಂತೆಯೇ ಈ ತೂಬು ಕಾಯುವ ನರಗಳನ್ನೂ ಸುಡಬಲ್ಲದು. ನಿಮ್ಮವ್ವನಿಗೆ ಅಂಗಾಲು ಉರಿ ಇದೆ ಎಂದಮೇಲೆ ಆ ಅನುಮಾನ ನನಗೆ ಬಲವಾಗಿಯೇ ಇದೆ.

ಮಿಡೋಡ್ರಿನ್ ಮಾಡುವುದು ಆ ನರ ಮಾಡಬೇಕಿದ್ದ ಕೆಲಸ, ಕೈಯಿಂದ ತೂಬು ಮುಚ್ಚುವುದು. ಆದರೆ ನರಕ್ಕೆ ಇರುವ ಬುದ್ಧಿ ಗುಳಿಗೆಗೆ ಇಲ್ಲ. ನಿಂತವರು ಯಾರು, ಮಲಗಿದವರು ಯಾರು ಅದಕ್ಕೆ ತಿಳಿಯುವುದಿಲ್ಲ. ನುಂಗಿದ ಒಂದೆರಡು ತಾಸಿಗೆ ಅದರ ಬಲ ತುದಿಗೇರುತ್ತದೆ, ನಾಲ್ಕೈದು ತಾಸಿನಲ್ಲಿ ಇಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ಕೊಟ್ಟು ಮಲಗಿಸಿದರೆ ಹತ್ತೂವರೆಗೆ ತೂಬುಗಳೆಲ್ಲ ಮುಚ್ಚಿವೆ, ಕಾಲುವೆಯೂ ಅಡ್ಡ ಮಲಗಿದೆ, ನೀರು ಏರಿಗೇ ಗುದ್ದುತ್ತದೆ. ಮಲಗಿದಾಗ ಬಿ.ಪಿ. ಏರುವ ಈ ಅಪಾಯ ಎಷ್ಟು ದೊಡ್ಡದೆಂದರೆ, 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಈ ಔಷಧದ ಮಾಹಿತಿಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸುವ ಎಚ್ಚರಿಕೆಯೇ ಅದು. ದಿನಾ ರಾತ್ರಿ ಹೀಗಾದರೆ ಹೃದಯ, ಕಿಡ್ನಿ ಸವೆಯುತ್ತವೆ, ಲಕ್ವದ ಭಯ ಬೇರೆ.

ಹಾಗಂತ ಕೆಟ್ಟ ಔಷಧವೇನಲ್ಲ. ನಾನೂ ಬರೆಯುತ್ತೇನೆ. ಬರೆದಾಗ ಹೇಳುವ ಹೊತ್ತು ಸಾಮಾನ್ಯವಾಗಿ ಮುಂಜಾನೆ ಏಳು, ಹನ್ನೊಂದು, ಮಧ್ಯಾಹ್ನ ಮೂರು. ರಾತ್ರಿ ಮಲಗುವುದಕ್ಕೆ ಕನಿಷ್ಠ ನಾಲ್ಕು ತಾಸು ಮೊದಲು ಕೊನೆಯ ಗುಳಿಗೆ ಮುಗಿದಿರಬೇಕು. ವಯಸ್ಸಾದವರಿಗೆ, ಕಿಡ್ನಿ ಕುಗ್ಗಿದವರಿಗೆ 2.5 ಮಿಲಿಗ್ರಾಂನಿಂದ ಶುರು, ನಿಂತ ಮತ್ತು ಮಲಗಿದ ಬಿ.ಪಿ. ಎರಡನ್ನೂ ನೋಡುತ್ತ ಮೆಲ್ಲಗೆ ಏರಿಸುವುದು. ಹೆಚ್ಚೆಂದರೆ 10 ಮಿಲಿಗ್ರಾಂ ಮೂರು ಸಲ. ದಿನಕ್ಕೆ ಮೂರು ಅಂದ ಕೂಡಲೇ ನಮ್ಮ ಜನ ಮುಂಜಾನೆ-ಮಧ್ಯಾಹ್ನ-ರಾತ್ರಿ ಅಂತಲೇ ಓದುತ್ತಾರೆ. ತಪ್ಪು ಅವರದಲ್ಲ. ಚೀಟಿಯಲ್ಲಿ ಗಂಟೆ ಬರೆಯದ ವೈದ್ಯರದು, ಚೀಟಿಯೇ ಇಲ್ಲದೆ ಕೊಟ್ಟ ಅಂಗಡಿಯವರದು.

ಇನ್ನೊಂದು ಮಾತು ಯಾವ ಮಾಹಿತಿಪತ್ರದಲ್ಲೂ ದಪ್ಪಕ್ಷರದಲ್ಲಿ ಇರುವುದಿಲ್ಲ. ನಮ್ಮ ರಾಯಚೂರು ಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ ಉಂಡು ಅಡ್ಡಾಗದವರು ಯಾರಿದ್ದಾರೆ? ಹನ್ನೊಂದರ ಗುಳಿಗೆ ನುಂಗಿ ಒಂದಕ್ಕೆ ಚಾಪೆ ಹಾಸಿದರೆ ರಾತ್ರಿ ಆದದ್ದೇ ಹಗಲೂ ಆಗುತ್ತದೆ. ಮಿಡೋಡ್ರಿನ್ ತಗೊಳ್ಳುವವರು ಮಧ್ಯಾಹ್ನ ಕುರ್ಚಿಗೆ ಒರಗಿ ತೂಕಡಿಸಬಹುದು, ಚಪ್ಪಟೆಯಾಗಿ ಮಲಗುವಂತಿಲ್ಲ. ಮಲಗಿಯೇ ತೀರಬೇಕೆಂದರೆ ಆ ಹೊತ್ತಿನ ಗುಳಿಗೆ ಬಿಡುವುದನ್ನು ವೈದ್ಯರ ಜೊತೆ ಮಾತಾಡಿಕೊಳ್ಳಿ. ಹಾಸಿಗೆ ಹಿಡಿದವರಿಗಂತೂ ಇದನ್ನು ಕೊಡುವುದರಲ್ಲಿ ಅರ್ಥವೇ ಇಲ್ಲ.

ತಲೆಯಲ್ಲಿ ಇರುವೆ ಹರಿದಂತೆ ಆಗುವುದು, ಮೈಮೇಲೆ ಮುಳ್ಳು ಏಳುವುದು ಆ ಔಷಧದ ಕೆಲಸವೇ. ಚರ್ಮದ ಕೂದಲಿನ ಬುಡದಲ್ಲಿರುವ ಸಣ್ಣ ಸ್ನಾಯುಗಳನ್ನೂ ಅದು ಬಿಗಿಸುತ್ತದೆ. ಅಲರ್ಜಿ ಅಲ್ಲ, ಹೆದರಬೇಡಿ. ಮೂತ್ರ ಕಟ್ಟಿದಂತಾಗುತ್ತಿದೆಯೇ ಎಂದು ಮಾತ್ರ ಅವ್ವನನ್ನು ಕೇಳಿ, ಗಂಡುಮಗ ನೀವಾಗಿದ್ದರೆ ನಿಮ್ಮ ಮನೆಯವರಿಂದ ಕೇಳಿಸಿ. ಹೆಂಗಸರು ಇದನ್ನು ತಾವಾಗಿ ಹೇಳುವುದಿಲ್ಲ. ಮೂತ್ರ ಪೂರ್ತಿ ಹೋಗದವರಿಗೆ, ಹೃದಯದ ತೀವ್ರ ಕಾಯಿಲೆ ಇರುವವರಿಗೆ, ಥೈರಾಯ್ಡ್ ಹೆಚ್ಚಾದವರಿಗೆ ಈ ಗುಳಿಗೆ ಸಲ್ಲ. ನೆಗಡಿ ಬಂದರೆ ಅಂಗಡಿಯಿಂದ ತರುವ ಮೂಗು ಕಟ್ಟಿದ್ದಕ್ಕಿರುವ ಗುಳಿಗೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ, ಅದೂ ಇದೂ ಒಂದೇ ಬಳಗ. ಎರಡೂ ಕೂಡಿದರೆ ಬಿ.ಪಿ. ದಿಢೀರ್ ಏರಬಹುದು.

ಈಗ ನಿಮ್ಮ ಗುಳಿಗೆಗಳ ಪಟ್ಟಿ ನೋಡೋಣ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಿದೆ. ಮುಂಜಾನೆ ಬಿ.ಪಿ. ಇಳಿಸುವ ಟೆಲ್ಮಿಸಾರ್ಟಾನ್, ಅದರ ಜೊತೆಗೇ ಉಪ್ಪು-ನೀರನ್ನು ಮೂತ್ರದಲ್ಲಿ ಹೊರಹಾಕುವ ಹೈಡ್ರೋಕ್ಲೋರೋಥೈಯಾಜೈಡ್. ಅದೇ ಮುಂಜಾನೆ ಬಿ.ಪಿ. ಏರಿಸುವ ಮಿಡೋಡ್ರಿನ್. ರಾತ್ರಿ ಅಮಿಟ್ರಿಪ್ಟಿಲಿನ್, ಅದು ಅಂಗಾಲಿನ ಉರಿಯನ್ನು ಇಳಿಸುತ್ತದೆ ನಿಜ, ಜೊತೆಗೆ ನಿಂತಾಗಿನ ಬಿ.ಪಿ.ಯನ್ನೂ ಇಳಿಸುತ್ತದೆ. ರಾತ್ರಿ ಮೂತ್ರಕ್ಕೆ ಎದ್ದು ಬೀಳುವ ಹಿರಿಯರ ಚೀಟಿಯಲ್ಲಿ ನಾನು ಮೊದಲು ಹುಡುಕುವ ಹೆಸರೇ ಅದು. ಗಂಡಸರಾದರೆ ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಹುಡುಕುತ್ತೇನೆ. ಈಚೆಗೆ ಸಕ್ಕರೆಗೆ ಬಹಳ ಬರೆಯುವ ಡಾಪಾಗ್ಲಿಫ್ಲೋಜಿನ್ ಕೂಡ ಸಕ್ಕರೆಯ ಜೊತೆ ನೀರನ್ನೂ ಕಳಿಸುವ ಔಷಧ. ಪಾರ್ಕಿನ್ಸನ್ ಗುಳಿಗೆಗಳದೂ ಇದೇ ಕಥೆ.

ಲಿಂಗಸುಗೂರು ಕಡೆಯ ಒಬ್ಬ ಹಿರಿಯರು ಬಿ.ಪಿ. ಏರಿಸುವ ಗುಳಿಗೆ ಬರೆಸಿಕೊಳ್ಳಲೆಂದೇ ನನ್ನ ಬಳಿ ಬಂದಿದ್ದರು. ಚೀಲ ಬಿಚ್ಚಿದರೆ ಟ್ಯಾಮ್ಸುಲೋಸಿನ್ ಎರಡು ಬೇರೆ ಬೇರೆ ಹೆಸರಿನಲ್ಲಿ, ಇಬ್ಬರು ವೈದ್ಯರ ಚೀಟಿಯಲ್ಲಿ. ಒಂದನ್ನು ತೆಗೆದೆ, ಇನ್ನೊಂದನ್ನು ಮಲಗುವ ಹೊತ್ತಿಗೆ ಸರಿಸಿದೆ. ಹದಿನೈದು ದಿನದ ಮೇಲೆ ಬಂದು, ಏನೂ ಔಷಧ ಕೊಡದೆ ಫೀಸು ತಗೊಂಡ್ರಿ ಅಂತ ನಕ್ಕರು.

ಹಾಗಾಗಿ ಸೇರಿಸುವ ಮೊದಲು ಕಳೆಯುವ ಲೆಕ್ಕ. ನಿಮ್ಮವ್ವನಿಗೆ ಹೈಡ್ರೋಕ್ಲೋರೋಥೈಯಾಜೈಡ್ ಈಗ ಬೇಕೇ, ಟೆಲ್ಮಿಸಾರ್ಟಾನ್ ಪ್ರಮಾಣ ಎಷ್ಟಿರಬೇಕು, ಅಮಿಟ್ರಿಪ್ಟಿಲಿನ್ ಬದಲು ಏನು ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ನಿಮ್ಮ ಫಿಸಿಷಿಯನ್ ಕೊಡಲಿ, ನೀವಾಗಿಯೇ ಕಿತ್ತುಹಾಕಬೇಡಿ. ಬಿ.ಪಿ. ಗುಳಿಗೆ ಪೂರ್ತಿ ನಿಲ್ಲಿಸಿದರೆ ಮಲಗಿದಾಗಿನ ಬಿ.ಪಿ. ಇನ್ನೂ ಮೇಲೆ ಹೋಗಬಹುದು. ಡಿಸೆಂಬರ್‌ನಲ್ಲಿ ಸರಿಯಿದ್ದ ಪ್ರಮಾಣ ಮೇ ತಿಂಗಳಲ್ಲಿ ಹೆಚ್ಚಾಗುವುದು ನಮ್ಮ ಕಡೆ ಮಾಮೂಲು. 40 ಡಿಗ್ರಿ ದಾಟಿದ ಬಿಸಿಲಿಗೆ ಚರ್ಮದ ರಕ್ತನಾಳ ಹಿಗ್ಗುತ್ತವೆ, ಬೆವರಿನಲ್ಲಿ ಉಪ್ಪು-ನೀರು ಹೋಗುತ್ತದೆ. ನಿಮ್ಮವ್ವನ ಚಕ್ಕರ್ ಶುರುವಾದದ್ದೂ ಆ ದಿನಗಳಲ್ಲೇ.

ಆದರೆ ಮುಂಗಾರು ಬಂದು ಬಿಸಿಲು ಇಳಿದ ಮೇಲೂ ನಿಂತಿಲ್ಲ. ಈಗ ಆ ಕೊನೆಯ ಸಾಲು.

ಮೊಣಕಾಲು ನೋವಿಗೆ, ಅಸ್ತಮಾಕ್ಕೆ, ಮೈಕೈ ನೋವಿಗೆ ಹಳ್ಳಿಗಳಲ್ಲಿ ಹೆಸರಿಲ್ಲದೆ ಕೊಡುವ 'ಸಣ್ಣ ಬಿಳಿ ಗುಳಿಗೆ' ಬಹಳ ಸಲ ಸ್ಟೀರಾಯ್ಡ್ ಆಗಿರುತ್ತದೆ. ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್, ಇವುಗಳಲ್ಲಿ ಒಂದು. ಸಕ್ಕರೆ ಏರಿಸುತ್ತದೆ ಎಂದು ಯಾರೋ ಹೇಳಿದರು ಅಂದಿರಲ್ಲ, ಆ ಮಾತು ನನ್ನ ಅನುಮಾನಕ್ಕೆ ಇನ್ನಷ್ಟು ಪುಷ್ಟಿ ಕೊಟ್ಟಿತು. ಸ್ಟೀರಾಯ್ಡ್ ಸಕ್ಕರೆ ಏರಿಸುವುದು ನಿಜ. ಬಿಡಿಸಬೇಕೆಂದದ್ದೂ ಸರಿ. ಬಿಡಿಸಿದ ರೀತಿ ಸರಿಯಿಲ್ಲ.

ಕಿಡ್ನಿಯ ನೆತ್ತಿಯ ಮೇಲೆ ಅಡ್ರಿನಲ್ ಅನ್ನುವ ಪುಟ್ಟ ಗ್ರಂಥಿಗಳಿವೆ. ಬದುಕಲು ಬೇಕೇಬೇಕಾದ ಕಾರ್ಟಿಸೋಲ್ ಎಂಬ ಹಾರ್ಮೋನು ಅಲ್ಲಿ ತಯಾರಾಗುತ್ತದೆ. ರಕ್ತನಾಳಗಳು ಬಿಗಿಯಾಗಿರಲು ಅದು ಬೇಕು, ಉಪವಾಸವಿದ್ದಾಗ ಸಕ್ಕರೆ ಕುಸಿಯದಿರಲು ಬೇಕು, ಜ್ವರ ಬಂದಾಗ ತಡೆದುಕೊಳ್ಳಲು ಬೇಕು. ಎರಡು ವರ್ಷ ಹೊರಗಿನಿಂದ ಸ್ಟೀರಾಯ್ಡ್ ಬಂದು ಬೀಳುತ್ತಿದ್ದರೆ ಆ ಗ್ರಂಥಿಗಳು ಕೆಲಸ ಬಿಟ್ಟು ಕೂರುತ್ತವೆ. ಒಂದೇ ದಿನಕ್ಕೆ ಗುಳಿಗೆ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಗ್ರಂಥಿ ಮತ್ತೆ ಎಚ್ಚರಾಗಲು ತಿಂಗಳುಗಟ್ಟಲೆ, ಕೆಲವರಿಗೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಯುಗಾದಿ ಆದ ಮೇಲೆ ಗುಳಿಗೆ ಬಿಟ್ಟರು, ಬಸವ ಜಯಂತಿಗೆ ಚಕ್ಕರ್ ಶುರುವಾಯಿತು. ನಡುವೆ ಇರುವುದು ಒಂದೇ ತಿಂಗಳು.

ಅವ್ವನಿಗೆ ಬಾಯಿ ರುಚಿ ಕೆಟ್ಟಿದೆಯೇ, ರೊಟ್ಟಿ ಮೊದಲಿನಷ್ಟು ಹೋಗುತ್ತಿದೆಯೇ, ಸೀರೆ ಸಡಿಲಾಗುವಷ್ಟು ತೂಕ ಇಳಿದಿದೆಯೇ, ಮುಂಜಾನೆ ಏಳಲೇ ಆಗದಷ್ಟು ನಿಶ್ಶಕ್ತಿಯೇ, ಓಕರಿಕೆ ಬರುತ್ತದೆಯೇ ನೋಡಿ. ಸಕ್ಕರೆ ಇದ್ದಕ್ಕಿದ್ದಂತೆ 'ಬಹಳ ಚಲೋ ಕಂಟ್ರೋಲ್' ಆಗಿದ್ದರೆ ಅದನ್ನೂ ಅನುಮಾನಿಸಿ. ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ನುಂಗುವವರಲ್ಲಿ ಕಾರ್ಟಿಸೋಲ್ ಕಡಿಮೆಯಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ, ಆಗಲೂ ಬರುವುದು ಚಕ್ಕರೇ. ಚಕ್ಕರ್ ಬಂದಾಗ ಬಿ.ಪಿ. ಮಷೀನಿನ ಜೊತೆ ಸಕ್ಕರೆ ಮಷೀನನ್ನೂ ಹಚ್ಚಿ.

ಮುಂಜಾನೆ ಎಂಟರ ಸುಮಾರಿಗೆ ರಕ್ತ ಕೊಟ್ಟು ಕಾರ್ಟಿಸೋಲ್ ಪರೀಕ್ಷೆ ಮಾಡಿಸಿದರೆ ವಿಷಯದ ದಿಕ್ಕು ಗೊತ್ತಾಗುತ್ತದೆ. ಅಂಕಿ ತೀರಾ ಕಡಿಮೆಯೂ ಅಲ್ಲದೆ ಹೆಚ್ಚೂ ಅಲ್ಲದೆ ನಡುವೆ ಬಂದರೆ ಇಂಜೆಕ್ಷನ್ ಕೊಟ್ಟು ಮತ್ತೊಮ್ಮೆ ನೋಡುವ ಪರೀಕ್ಷೆ ಇದೆ. ಅದರ ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಒಂದು ಇ.ಸಿ.ಜಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದವರಲ್ಲಿ ಬಿ12 ಕಡಿಮೆಯಾಗುವುದುಂಟು, ನರ ಕೆಡಲು ಅದೂ ಒಂದು ಕಾರಣ. ನೋಡಿಸಿ. ಕಾರ್ಟಿಸೋಲ್ ಕೊರತೆಯೇ ಅಂತಾದರೆ ಇದಕ್ಕೆ ಮದ್ದು ಮಿಡೋಡ್ರಿನ್ ಅಲ್ಲವೇ ಅಲ್ಲ, ಅಳೆದು ಕೊಡುವ ಹೈಡ್ರೋಕಾರ್ಟಿಸೋನ್. ಅದನ್ನು ಇಳಿಸುವುದೂ ತಿಂಗಳುಗಳ ಕೆಲಸ, ಮೆಟ್ಟಿಲು ಮೆಟ್ಟಿಲಾಗಿ.

ವಾಂತಿ, ಭೇದಿ, ಜ್ವರ, ಹೊಟ್ಟೆನೋವು, ಮಂಕು, ಇವುಗಳಲ್ಲಿ ಯಾವುದಾದರೂ ಬಂದರೆ ಮುಂಜಾನೆಯವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ದವಾಖಾನೆಗೆ ಒಯ್ಯಿರಿ. ಬಾಗಿಲಲ್ಲೇ ಹೇಳಬೇಕಾದ ಮಾತು: 'ಎರಡು ವರ್ಷ ಸ್ಟೀರಾಯ್ಡ್ ಇರಬಹುದಾದ ಗುಳಿಗಿ ತಗೊಂಡು ಬಿಟ್ಟಾಳ.' ಆ ಒಂದು ಮಾತು ಕೇಳಿದರೆ ಅಲ್ಲಿನವರು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತಡಮಾಡದೆ ಕೊಡುತ್ತಾರೆ. ಎದೆನೋವು, ಉಸಿರು ಕಟ್ಟುವುದು, ಕರಿ ಮಲ, ಒಂದು ಕಡೆ ಕೈಕಾಲು ಸೋಲುವುದು, ಇವುಗಳ ಜೊತೆ ಬಿ.ಪಿ. ಇಳಿದರೂ ಅಷ್ಟೇ, ಅದು ಗುಳಿಗೆಯ ಬಾಬತ್ತಲ್ಲ.

ನಿಮ್ಮ ಮಾವನವರ ಸಂಗತಿ ಬೇರೆ ಇರಬಹುದು, ಅವರ ಗುಳಿಗೆಯ ಬಗ್ಗೆ ನಾನು ಮಾತಾಡುವುದಿಲ್ಲ. ಇನ್ನೂ ಕೆಲವರು ಫ್ಲೂಡ್ರೋಕಾರ್ಟಿಸೋನ್ ಎಂಬ ಹೆಸರನ್ನೂ ಹೇಳುತ್ತಾರೆ. ಅದು ಕಿಡ್ನಿಗೆ ಉಪ್ಪು ಹಿಡಿದಿಟ್ಟುಕೋ ಎಂದು ಹೇಳುವ ಔಷಧ. ಸಾಮಾನ್ಯವಾಗಿ 0.1 ಮಿಲಿಗ್ರಾಂ, ದಿನಕ್ಕೊಮ್ಮೆ, ಕೆಲಸ ತೋರಲು ಒಂದು ವಾರವಾದರೂ ಬೇಕು. ಪೊಟ್ಯಾಸಿಯಂ ಇಳಿಸುತ್ತದೆ, ಕಾಲು ಊದಿಸುತ್ತದೆ, ಹೃದಯ ಸೋತವರಲ್ಲಿ ನೀರು ತುಂಬಿಸುತ್ತದೆ. ಇದೂ ಮಲಗಿದಾಗಿನ ಬಿ.ಪಿ. ಏರಿಸುತ್ತದೆ, ಹೊತ್ತು ಬದಲಿಸಿ ತಪ್ಪಿಸಿಕೊಳ್ಳಲೂ ಆಗದು, ಏಕೆಂದರೆ ಅದರ ಪರಿಣಾಮ ದಿನವಿಡೀ. ರಾತ್ರಿ 178 ಮುಟ್ಟಿದ ನಿಮ್ಮವ್ವನಿಗೆ ನಾನಾದರೆ ಅದನ್ನು ಮುಟ್ಟುವುದಿಲ್ಲ. ಜಿಮ್ ಹುಡುಗರು ಹುರುಪಿಗೆಂದು ಚುಚ್ಚಿಕೊಳ್ಳುವ ಮೆಫೆಂಟರ್ಮಿನ್ ಕೂಡ ಬಿ.ಪಿ. ಏರಿಸುವ ಔಷಧವೇ. ಆಪರೇಷನ್ ಥಿಯೇಟರಿನಲ್ಲಿ ಇರಬೇಕಾದದ್ದು ಅದು, ಮನೆಯಲ್ಲಲ್ಲ.

ಸಲಾಯಿನ್ ಬಗ್ಗೆಯೂ ಹೇಳಿಬಿಡುತ್ತೇನೆ. ಅರ್ಧ ಲೀಟರಿನ ಒಂದು ಬಾಟಲಿಯಲ್ಲಿರುವುದು ಅರ್ಧ ಲೀಟರ್ ನೀರು, ನಾಲ್ಕೂವರೆ ಗ್ರಾಂ ಉಪ್ಪು. ಭೇದಿಯಾಗಿ ಬಾಯಲ್ಲಿ ಕುಡಿಯಲಾಗದವರಿಗೆ ಅದು ಜೀವ. ಕೂತು ಮಾತಾಡುತ್ತ ಚಹಾ ಕುಡಿಯುವವರಿಗೆ ಅದೇ ಉಪ್ಪು-ನೀರು ಮಜ್ಜಿಗೆಯಲ್ಲೂ ಸಿಗುತ್ತದೆ. ಎರಡು ದಿನ ಚಲೋ ಇದ್ದದ್ದು ಆ ನೀರು ಮೈಯಲ್ಲಿ ಇದ್ದಷ್ಟು ಹೊತ್ತು. ಹೀಗೆ ಬಾಟಲಿ ಹಚ್ಚಿಸುತ್ತ ಹೋದರೆ ಕಾರಣ ಹುಡುಕುವ ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಮನೆಯಲ್ಲಿ ಮಾಡಬೇಕಾದದ್ದು ಈಗಿನಿಂದಲೇ ಶುರುವಾಗಲಿ. ಮುಂಜಾನೆ ಅವ್ವ ಏಳುವ ಮೊದಲು, ಐದು ನಿಮಿಷ ಮಲಗಿದ್ದಾಗಲೇ ಬಿ.ಪಿ., ನಾಡಿ ನೋಡಿ ಬರೆದಿಡಿ. ಎದ್ದು ನಿಲ್ಲಿಸಿ, ಪಕ್ಕದಲ್ಲಿ ನೀವು ಹಿಡಿದು ನಿಂತು, ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗ ಬೀಳುವ ಬಿ.ಪಿ. ಅಷ್ಟು ಬಿದ್ದರೂ ನಾಡಿ ಹದಿನೈದೂ ಏರದಿದ್ದರೆ ನರದ ತೊಂದರೆಯ ಕಡೆಗೆ ಬೆರಳು ತೋರಿಸುತ್ತದೆ, ನಾಡಿ ದಡದಡ ಏರಿದರೆ ನೀರು ಅಥವಾ ರಕ್ತ ಕಡಿಮೆಯಾಗಿರಬಹುದು. ತೋಳಿಗೆ ಕಟ್ಟುವ ಮಷೀನಿರಲಿ, ಮಣಿಕಟ್ಟಿನದು ಬೇಡ. ರಾತ್ರಿ ಮಲಗಿದ ಮೇಲೆ ಒಂದು ಅಂಕಿ. ನಾಲ್ಕು ದಿನದ ಇಂಥ ಚೀಟಿ ಇದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಆದರೆ ನೀವು ನಾಲ್ಕು ದಿನ ಕಾಯುವಂತಿಲ್ಲ, ಒಂದು ದಿನದ್ದನ್ನೇ ತನ್ನಿ.

ಮಂಚದ ತಲೆಕಡೆಯ ಎರಡು ಕಾಲಿಗೆ ಎರಡೆರಡು ಇಟ್ಟಿಗೆ ಕೊಡಿ. ಮಂಚವೇ ಇಳಿಜಾರಾಗಬೇಕು, ದಿಂಬು ಪೇರಿಸಿದರೆ ಕತ್ತು ಮಾತ್ರ ಬಾಗುತ್ತದೆ. ಇದರಿಂದ ರಾತ್ರಿಯ ಬಿ.ಪಿ. ಇಳಿಯುತ್ತದೆ, ಮುಂಜಾನೆಯ ಕುಸಿತವೂ ಕಡಿಮೆ. ಖರ್ಚಿಲ್ಲದ ಮದ್ದು ಅಂತ ಯಾರೂ ಮಾಡುವುದಿಲ್ಲ! ಏಳುವ ಮೊದಲು ಮಂಚದ ಅಂಚಿಗೆ ಕೂತು ಎರಡು ದೊಡ್ಡ ಲೋಟ ನೀರು ಒಟ್ಟಿಗೆ ಕುಡಿಯಲಿ. ನರ ಕೆಟ್ಟವರಲ್ಲಿ ಅರ್ಧ ಲೀಟರ್ ತಣ್ಣೀರು ಕೆಲವೇ ನಿಮಿಷದಲ್ಲಿ ಬಿ.ಪಿ.ಯನ್ನು ಚೆನ್ನಾಗಿ ಎತ್ತುತ್ತದೆ, ಒಂದು ತಾಸಿನ ಮಟ್ಟಿಗೆ. ನಿಂತಲ್ಲೇ ಕತ್ತಲೆ ಬಂದರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿ ಹಿಡಿಯುವುದು, ಇಲ್ಲವೇ ಅಲ್ಲೇ ಕುಕ್ಕರಗಾಲಲ್ಲಿ ಕೂರುವುದು. ಮಧ್ಯಾಹ್ನ ಗುಡ್ಡೆ ಅನ್ನ ಉಂಡರೆ ರಕ್ತವೆಲ್ಲ ಹೊಟ್ಟೆಗೆ ಹೋಗಿ ಎರಡು ತಾಸು ಚಕ್ಕರ್ ಹೆಚ್ಚು, ಸ್ವಲ್ಪ ಸ್ವಲ್ಪವೇ ನಾಲ್ಕೈದು ಸಲ ಉಣ್ಣಲಿ. ಬಿಸಿನೀರು ತಲೆಗೆ ಹಾಕಿಕೊಳ್ಳುವುದು ಕೂತೇ ಆಗಲಿ, ಬಚ್ಚಲದ ಚಿಲಕ ಹಾಕುವುದು ಬೇಡ. ಉಪ್ಪು ಹೆಚ್ಚು ತಿನ್ನಿಸಿ ಎಂದು ಯಾರಾದರೂ ಹೇಳಿದರೆ ಕ್ರಿಯಾಟಿನಿನ್, ಇ.ಸಿ.ಜಿ. ಬರುವವರೆಗೆ ತಡೆಯಿರಿ, ನಮ್ಮ ಉಪ್ಪಿನಕಾಯಿ, ಚಟ್ನಿಪುಡಿಗಳಲ್ಲಿ ಈಗಾಗಲೇ ಸಾಕಷ್ಟಿದೆ.

ಇಷ್ಟೆಲ್ಲ ಮಾಡಿ, ಬೇಡದ ಗುಳಿಗೆ ತೆಗೆದು, ಕಾರ್ಟಿಸೋಲ್ ಸರಿಯಿದೆ ಎಂದು ಖಾತ್ರಿಯಾಗಿ, ಆಮೇಲೂ ಅವ್ವ ನಿಂತರೆ ಬೀಳುತ್ತಾರೆ ಎಂದಾದರೆ ಆಗ ಮಿಡೋಡ್ರಿನ್ ಮತ್ತೆ ಬರಬಹುದು, ಈ ಸಲ ಚೀಟಿಯೊಂದಿಗೆ, ಗಂಟೆಯೊಂದಿಗೆ.

ದವಾಖಾನೆಗೆ ಬರುವಾಗ ಎಲ್ಲ ಗುಳಿಗೆಯ ಹಾಳೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಆ ಬಿಳಿ ಗುಳಿಗೆಯ ಖಾಲಿ ಹಾಳೆ ಅವ್ವನ ಎಲೆಅಡಿಕೆ ಚೀಲದಲ್ಲೋ, ದೇವರ ಗೂಡಿನಲ್ಲೋ ಇನ್ನೂ ಇದ್ದೀತು, ಹುಡುಕಿ ನೋಡಿ. ಸಿಗದಿದ್ದರೆ ಕೊಟ್ಟವರ ಹತ್ತಿರ ಹೋಗಿ ಜಗಳ ಮಾಡದೆ ಹೆಸರು ಬರೆಸಿಕೊಂಡು ಬನ್ನಿ, ಜಗಳವನ್ನು ಆಮೇಲೆ ಮಾಡಬಹುದು.